ಉಸ್ತಾದರ ಮನೆಗೆ ಐದು ತಟ್ಟೆ

ಬಾಲಾನಗರದ ಆ ಕಾರ್ಖಾನೆಯಲ್ಲಿ ಕಲ್ಯಾಣಪ್ಪನ ಮನೆಗೆ ತಟ್ಟೆ ಹೊರದೆ ಲೇತ್ ಮಷಿನ್ ಮುಟ್ಟಿದವರು ಒಬ್ಬರೂ ಇರಲಿಲ್ಲ. ಕೆಲಸ ಕೊಡುವವರು ಮಾಲೀಕರು, ಸಂಬಳ ಕೊಡುವವರೂ ಅವರೇ. ಆದರೆ ಕೆಲಸ ಕಲಿಸುವವನು ಕಲ್ಯಾಣಪ್ಪ, ಮತ್ತು ಅವನು ಕಲಿಸಬೇಕಾದರೆ ಮೊದಲು ತಟ್ಟೆ ಬರಬೇಕು. ತಟ್ಟೆಯಲ್ಲಿ ಹೊಸ ರುಮಾಲು, ತೆಂಗಿನಕಾಯಿ, ಕಲ್ಲುಸಕ್ಕರೆ, ಎಲೆ ಅಡಿಕೆ. ಭಾನುವಾರವೇ ಬರಬೇಕು, ಮುಂಚೆ ಹೇಳದೆ ಬರಬೇಕು. ಹೇಳಿ ಬಂದರೆ ಅದು ನೆಂಟಸ್ತನ, ಹೇಳದೆ ಬಂದರೆ ಶಾಗಿರ್ದಿ, ಅಂದರೆ ಶಿಷ್ಯತ್ವ. ಉಸ್ತಾದ್ ತಟ್ಟೆ ಮುಟ್ಟಿದನೆಂದರೆ ಶಿಷ್ಯನನ್ನು ಒಪ್ಪಿಕೊಂಡ ಹಾಗೆ. ಮರುದಿನ ಉಸ್ತಾದ್ ತನ್ನ ಕೈಯಾರೆ ಶಿಷ್ಯನಿಗೆ ಮೊದಲ ಹತ್ಯಾರ ಕೊಡುತ್ತಾನೆ. ಆ ಮೊದಲ ಹತ್ಯಾರ ಪೊರಕೆ.

ಲೇತಿನ ಕೆಳಗೆ ಬಿದ್ದ ಲೋಹದ ಚೂರನ್ನು ನೆಟ್ಟಗೆ ಗುಡಿಸಲು ಬಾರದವನಿಗೆ ಲೇತೂ ಬರುವುದಿಲ್ಲ ಎಂಬುದು ಕಲ್ಯಾಣಪ್ಪನ ಸಿದ್ಧಾಂತ. ಲಿಂಗಸುಗೂರಿನ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಹೈದರಾಬಾದಿಗೆ ಬಂದಾಗ, ಇದೇ ಬಾಲಾನಗರದ ಮುದುಕ ಉಸ್ತಾದರೊಬ್ಬರು ಅವನ ತಟ್ಟೆ ಮುಟ್ಟಿ ಪೊರಕೆ ಕೊಟ್ಟಿದ್ದರು. ಅವರು ಹೋದ ಮೇಲೆ ಆ ಪದ್ಧತಿಗೆ ಕಲ್ಯಾಣಪ್ಪನೇ ವಾರಸುದಾರ. ವಾರಸುದಾರರು ಮೂಲ ಪುರುಷರಿಗಿಂತ ಬಿಗಿಯಾಗಿರುತ್ತಾರೆ ಎನ್ನುವುದು ನಮಗೆಲ್ಲ ಗೊತ್ತಿರುವುದೇ. ತಾಯಪ್ಪ ಎನ್ನುವವನು ತಟ್ಟೆಯಲ್ಲಿ ಕಲ್ಲುಸಕ್ಕರೆಯ ಬದಲು ಪುಡಿ ಸಕ್ಕರೆ ತಂದನೆಂದು ಅವನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದ, ಮುಂದಿನ ಭಾನುವಾರ ಕಲ್ಲುಸಕ್ಕರೆ ತಂದ ಮೇಲೆಯೇ ತಟ್ಟೆ ಮುಟ್ಟಿದ್ದ. ತಾಯಪ್ಪ ಅದನ್ನು ಇನ್ನೂ ಮರೆತಿಲ್ಲ.

ಲಹರಿ ಎಂಬ ಇಂಜಿನಿಯರ್ ಹುಡುಗಿ ಕ್ವಾಲಿಟಿ ವಿಭಾಗಕ್ಕೆ ಸೇರಿದ ದಿನ, ಹೆಗಲಿನಲ್ಲಿ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಲೇತುಗಳಿರುವ ಶಾಪ್ ನೋಡಲು ಬಂದವಳ ಕೈಗೂ ಕಲ್ಯಾಣಪ್ಪ ಪೊರಕೆ ಕೊಟ್ಟಿದ್ದ. ಅವಳು ಒಂದು ಮಾತೂ ಆಡದೆ ಗುಡಿಸಿದ್ದಳು. ಅಂದಿನಿಂದ ಅವಳ ಮೇಲೆ ಅವನಿಗೆ ಒಳ್ಳೆಯ ಅಭಿಪ್ರಾಯ. ಆದರೆ ಹೆಸರು ಹಿಡಿದು ಕರೆದದ್ದಿಲ್ಲ, ಮೇಡಂ ಎಂದದ್ದಂತೂ ಇಲ್ಲವೇ ಇಲ್ಲ. "ಏ ಕೂಸ, ಅಲ್ಲಿ ನಿಂದರಬ್ಯಾಡ, ಚೂರು ಸಿಡೀತಾವ" ಎನ್ನುತ್ತಿದ್ದ.

ಇಷ್ಟು ನೆಮ್ಮದಿಯಾಗಿದ್ದ ಕಲ್ಯಾಣಪ್ಪನ ಬಾಳಿಗೆ ಒಂದು ಶುಕ್ರವಾರ ಸಂಜೆ ಯೂನಿವರ್ಸಿಟಿ ಬಂದಿತು.

ಮಾಲೀಕ ಮೋಹನ ಎಲ್ಲರನ್ನೂ ಚಹಾದ ಹೊತ್ತಿಗೆ ಸೇರಿಸಿದ. "ನೋಡ್ರಪ್ಪ, ನಮ್ಮ ಹತ್ರ ವಿಮಾನದ ಸಾಮಾನು ತಗೊಳ್ಳೋರು ಒಂದು ಹಟ ಹಿಡಿದಾರೆ. ಶಾಪಿನ ಮುಖ್ಯಸ್ಥ ಯಾರಿದ್ರೂ ಅವರಿಗೆ ಡಿಗ್ರಿ ಇರಬೇಕಂತೆ. ಹೊರಗಿಂದ ಯಾರನ್ನೋ ತಂದು ಕಲ್ಯಾಣಪ್ಪನ ತಲೆ ಮೇಲೆ ಕೂರಿಸೋಕೆ ನನಗೆ ಮನಸ್ಸಿಲ್ಲ. ಅದಕ್ಕೇ ಯೂನಿವರ್ಸಿಟಿ ಜೊತೆ ಮಾತಾಡಿದೀನಿ. ನಮ್ಮ ಕೆಲಸಗಾರರನ್ನೇ ಅವರು ಅಪ್ರೆಂಟಿಸ್ ಅಂತ ತಗೊಳ್ತಾರೆ. ಕೆಲಸ ಬಿಡೋ ಹಾಗಿಲ್ಲ, ಸಂಬಳ ನಿಲ್ಲಲ್ಲ, ಫೀಸು ಕಂಪನಿದು. ವಾರಕ್ಕೊಂದು ದಿನ ಅಲ್ಲಿ ಹೋಗಿ ಪಾಠ ಕೇಳೋದು, ಉಳಿದ ದಿನ ಇಲ್ಲೇ ದುಡಿಯೋದು. ಇಲ್ಲಿ ಮಾಡಿದ ಕೆಲಸಾನೂ ಓದು ಅಂತಲೇ ಲೆಕ್ಕ. ಮೂರು ವರ್ಷಕ್ಕೆ ಡಿಗ್ರಿ."

"ಅಪ್ರೆಂಟಿಸ್ ಅಂದ್ರ ಚಹಾದ ಕಿಟ್ಲಿ ಹಿಡೀತಾರಲ್ಲ, ಅವರಲ್ರೀ ಸಾರು?" ಎಂದ ತಾಯಪ್ಪ.

ಎಲ್ಲರೂ ನಕ್ಕರು. ಕಲ್ಯಾಣಪ್ಪ ನಗಲಿಲ್ಲ. ಅವನು ಆಗಲೇ ಮನಸ್ಸಿನಲ್ಲಿ ಕಪ್ಪು ಗೌನು ಹಾಕಿಕೊಂಡು ಫೋಟೋಕ್ಕೆ ನಿಂತುಬಿಟ್ಟಿದ್ದ.

"ಇನ್ನೊಂದು ವಿಷಯ" ಎಂದ ಮೋಹನ. "ಪ್ರತಿ ಅಪ್ರೆಂಟಿಸಿಗೂ ಕಂಪನಿ ಒಳಗೇ ಒಬ್ಬರು ಗುರು ಬೇಕಂತೆ. ಡಿಗ್ರಿ ಇರೋರು. ಅವನು ಏನು ಕಲಿತ, ಎಷ್ಟು ಕಲಿತ ಅಂತ ಅವರೇ ಯೂನಿವರ್ಸಿಟಿಗೆ ಹೇಳಬೇಕು. ಸೋಮವಾರ ಅಲ್ಲಿಂದ ಪ್ರೊಫೆಸರ್ ಬರ್ತಾರೆ. ಗುರು, ಶಿಷ್ಯ ಇಬ್ಬರೂ ಅವರ ಮುಂದೆ ನಿಂತು ಒಪ್ಪಿಗೆ ಅಂದ್ರೆ ಸೀಟು ಖಾಯಂ. ಇಲ್ಲಾಂದ್ರೆ ಮುಂದಿನ ವರ್ಷ. ಮುಂದಿನ ವರ್ಷದ ತನಕ ಆ ವಿಮಾನದೋರು ಕಾಯಲ್ಲ, ಅದನ್ನೂ ಹೇಳಿಬಿಡ್ತೀನಿ."

"ನನಗ ಯಾರ್ರೀ ಗುರು?" ಎಂದ ಕಲ್ಯಾಣಪ್ಪ.

"ಲಹರಿ. ಇವತ್ತು ರಜೆ ಹಾಕಿದಾಳೆ. ಫೋನು ಮಾಡಿ ಕೇಳಿದೆ. ಯೋಚನೆ ಮಾಡಿ ಸೋಮವಾರ ಹೇಳ್ತೀನಿ ಅಂದಳು."

ಆಮೇಲೆ ತಾಯಪ್ಪ ಚಹಾದ ಲೋಟ ಕೆಳಗಿಟ್ಟು, ಬಹಳ ವಿನಯದಿಂದ ಕೇಳಿದ. "ಮತ್ತ ತಟ್ಟಿ ಯಾವಾಗ ಹೊರತೀರಿ ಉಸ್ತಾದ್? ಕಲ್ಲಸಕ್ರಿ ಮರೀಬ್ಯಾಡ್ರಿ."

ಆವತ್ತಿನಿಂದ ಕಲ್ಯಾಣಪ್ಪನ ಪೃಷ್ಠಕ್ಕೂ ಕುರ್ಚಿಗೂ ಸಂಬಂಧ ತಪ್ಪಿತು. ಕೂತರೆ ಏಳುವನು, ಎದ್ದರೆ ಬಾಗಿಲಿಗೆ ಹೋಗುವನು, ಬಾಗಿಲಿಗೆ ಹೋದವನು ಯಾಕೆ ಹೋದೆನೆಂದು ಮರೆತು ಹಿಂದಿರುಗುವನು. ಯೋಚನೆ ಮಾಡಿ ಹೇಳ್ತೀನಿ ಅಂದಳಂತೆ. ಏನು ಯೋಚನೆ? ಎಷ್ಟು ಯೋಚನೆ? ಹೆಂಡತಿ ಶಿವಗಂಗಾ ರೊಟ್ಟಿ ಬಡಿಯುತ್ತ ಅವನ ಓಡಾಟ ನೋಡಿದಳು. ಒಲೆಯ ಮೇಲೆ ಹಾಲಿಟ್ಟು ಅದನ್ನೇ ನೋಡುತ್ತ ನಿಂತರೆ ಅದು ಉಕ್ಕುವುದಿಲ್ಲ, ಕಣ್ಣು ತಪ್ಪಿಸಿದರೆ ಉಕ್ಕುತ್ತದೆ. ಗಂಡನೂ ಹಾಗೆಯೇ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಅವಳು ಕಣ್ಣು ತಪ್ಪಿಸಿದಳು.

"ಶಿವಗಂಗಾ, ಆ ಕೂಸು ಒಲ್ಲೆ ಅಂದ್ರ ನನ್ನ ತಲಿ ಮ್ಯಾಲ ಯಾವನೋ ಬಂದು ಕುಂದರತಾನ" ಎಂದು ಅವನು ಉಕ್ಕಿದ.

"ಒಪ್ಪಸ್ರಿ ಮತ್ತ."

"ಹ್ಯಾಂಗ?"

"ನಿಮ್ಮ ಮನಿಗಿ ಬಂದವರೆಲ್ಲ ಹ್ಯಾಂಗ ಒಪ್ಪಿಸ್ಯಾರ? ಹಂಗ. ತಟ್ಟಿ ಹೊರ್ರಿ. ಕೊಂಡಾಪುರದಾಗ ಐತಂತಲ್ಲ ಅವರ ಮನಿ. ಅಲ್ಲಿ ನಿಮ್ಮ ತಾಯಪ್ಪ ಏನ್ ಬಂದು ನೋಡಂಗಿಲ್ಲ."

ಈ ಕೊನೆಯ ಮಾತು ಕಲ್ಯಾಣಪ್ಪನಿಗೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂಬುದನ್ನು ಅವನು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಪದ್ಧತಿ ಎಂದರೆ ಪದ್ಧತಿ, ನಾವೇ ಮುರಿಯಬಾರದು ಎಂದಷ್ಟೇ ಗಟ್ಟಿಯಾಗಿ ಹೇಳಿದ.

ಇಲ್ಲಿಂದ ಮುಂದೆ ನಡೆದದ್ದಕ್ಕೆಲ್ಲ ಕಾರಣ ಶಿವಗಂಗಾಳ ಮರ್ಯಾದೆ. ಮರ್ಯಾದೆಯಲ್ಲಿ ಅವಳಷ್ಟು ಜೋಪಾನದ ಹೆಂಗಸು ಆ ಓಣಿಯಲ್ಲಿ ಮತ್ತೊಬ್ಬಳಿರಲಿಲ್ಲ. "ಉಸ್ತಾದ್ ಹೆಣ್ಣಮಗಳು ಅಂದಮ್ಯಾಲ ರುಮಾಲು ಕೊಟ್ರ ಆಕಿ ಏನ್ ಮಾಡ್ಯಾಳು, ತಲಿಗಿ ಸುತ್ತಿಕೊಂಡಾಳೇನು? ಸೀರಿ ಕೊಡಬೇಕು" ಎಂದಳು. ಸರಿಯೆನಿಸಿತು. "ಗಂಡಸು ಒಬ್ಬನ ಹೆಣ್ಣಮಗಳ ಮನಿಗಿ ಸೀರಿ ಹಿಡಕೊಂಡು ಹೋದ್ರ ಮಂದಿ ಏನಂದಾರು? ನಾನೂ ಬರತೀನಿ" ಎಂದಳು. ಅದೂ ಸರಿ. "ಹಿರೇರು ಒಬ್ರು ಮುಂದಿದ್ರ ಶೋಭಾ. ಅವ್ವನ್ನ ಕರಕೊಳ್ಳೋಣು" ಎಂದಳು. ಅವಳ ಅವ್ವ ಯಂಕಮ್ಮ ಆಗಲೇ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆಯುತ್ತಿದ್ದಳು. ಸೀರೆ ಬಂದಮೇಲೆ ಕುಪ್ಪಸ ಬೇಕು, ಕುಪ್ಪಸ ಬಂದಮೇಲೆ ಬಳೆ, ಹೂವು, ಅರಿಶಿನ ಕುಂಕುಮ. ಒಂದೇ ತಟ್ಟೆಯಲ್ಲಿ ಹಿಡಿಯಲಿಲ್ಲ. ಎರಡು ತಟ್ಟೆ ಒಯ್ಯಬಾರದು, ಮೂರು ಅಪಶಕುನ, ನಾಲ್ಕೂ ಒಯ್ಯಬಾರದು. ಐದು ತಟ್ಟೆಯಾಯಿತು.

ಶನಿವಾರ ಸಂಜೆ ಸುಲ್ತಾನ್ ಬಜಾರಿಗೆ ಹೋದರು. ಅಂಗಡಿಯ ಸೇಠ ಯಾರಿಗೆ ಸೀರೆ ಎಂದು ಕೇಳಿದ.

"ಮೇರೆ ಉಸ್ತಾದ್ ಕೆ ವಾಸ್ತೆ" ಎಂದ ಕಲ್ಯಾಣಪ್ಪ. "ತೇಲ್ ಗಿರೇ ತೋ ದಿಖ್ನಾ ನಹೀಂ."

ಎಣ್ಣೆ ಬಿದ್ದರೂ ಕಲೆ ಕಾಣದ ಸೀರೆಯನ್ನು ಉಸ್ತಾದನಿಗಾಗಿ ಕೇಳುತ್ತಿರುವ ಗಿರಾಕಿಯನ್ನು ಸೇಠ ಒಂದು ಸಲ ನೋಡಿದ. ಸುಲ್ತಾನ್ ಬಜಾರಿನಲ್ಲಿ ವಂಶಪಾರಂಪರ್ಯವಾಗಿ ಸೀರೆ ಮಾರುವವರು ಯಾಕೆ ಎಂದು ಕೇಳುವುದಿಲ್ಲ. ಕಂದು, ಬೂದು, ಕಪ್ಪು ಎಲ್ಲ ಹಾಸಿದ. ಶಿವಗಂಗಾ ಅವನ್ನೆಲ್ಲ ಪಕ್ಕಕ್ಕೆ ಸರಿಸಿ, ಕೆಂಪು ಅಂಚಿನ ಕಡು ಹಸಿರು ಸೀರೆ ಎತ್ತಿಕೊಂಡಳು. ಶುಭಕ್ಕೆ ಹಸಿರೇ ಒಳ್ಳೆಯದು ಎಂದಳು. ಒಂದು ಹೆಣ್ಣುಮಗಳ ಮನೆಗೆ ಹಸಿರು ಸೀರೆ, ಹಸಿರು ಬಳೆ, ಐದು ತಟ್ಟೆ, ಜೊತೆಗೊಬ್ಬ ಹಿರಿಯ ಮುತ್ತೈದೆ, ಅದೂ ಹೇಳದೆ ಕೇಳದೆ ಭಾನುವಾರ ಬೆಳಿಗ್ಗೆ. ನೋಡಿದವರಿಗೆ ಏನನ್ನಿಸೀತು ಎಂಬ ಪ್ರಶ್ನೆ ಆ ಮೂವರಲ್ಲಿ ಒಬ್ಬರ ತಲೆಗೂ ಬರಲಿಲ್ಲ. ಅವರ ಕಣ್ಣಿಗೆ ಅದು ಶಾಗಿರ್ದಿಯ ತಟ್ಟೆ, ಸ್ವಲ್ಪ ದೊಡ್ಡದಾಗಿದೆ, ಅಷ್ಟೇ.

ಕೊಂಡಾಪುರದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಅಂಬಾದಾಸ ಕಾವಲುಗಾರ. ಬೀದರದ ಕಡೆಯವನು. ಆಟೋದಿಂದ ಇಳಿದ ತಟ್ಟೆಗಳನ್ನೂ, ಇಳಕಲ್ ಸೀರೆಯ ಮುದುಕಿಯನ್ನೂ, ಇಸ್ತ್ರಿ ಮಾಡಿದ ಅಂಗಿಯೊಳಗೆ ಬೆವರುತ್ತ ನಿಂತ ಯಜಮಾನನನ್ನೂ ಅವನು ನೋಡಿದ. ಅವನೂ ಇಬ್ಬರು ಹೆಣ್ಣುಮಕ್ಕಳ ತಂದೆ. ಯಾವ ಫ್ಲ್ಯಾಟು ಎಂಬುದೊಂದನ್ನು ಬಿಟ್ಟು ಬೇರೇನೂ ಕೇಳುವ ಅಗತ್ಯವೇ ಅವನಿಗೆ ಕಾಣಲಿಲ್ಲ.

"ಮೇಡಂ, ಮಂದಿ ಬಂದಾರ್ರಿ" ಎಂದ ಇಂಟರ್‌ಕಾಮಿನಲ್ಲಿ ದನಿ ತಗ್ಗಿಸಿ. "ತಟ್ಟಿ ತಂದಾರ. ಹಸರ ಸೀರಿ ಐತಿ. ನಮ್ಮ ಕಡೆಯವರು ರೀ, ಮರ್ಯಾದಸ್ಥರು ಕಾಣತಾರ."

ಮೇಲೆ ಲಹರಿಯ ತಾಯಿ ಸಾವಿತ್ರಿ ಇಡ್ಲಿ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು. ಮಗಳ ಹೆಸರನ್ನು ಮದುವೆಯ ಆ್ಯಪಿನಲ್ಲಿ ಹಾಕಿ ಬಹಳ ದಿನವಾಗಿತ್ತು. ಬರುವವರು ಫೋನಿನಲ್ಲಿ ಹಲೋ ಎಂದು ಮಾಯವಾಗುತ್ತಿದ್ದರೇ ಹೊರತು, ತಟ್ಟೆ ಹೊತ್ತು ಬಂದವರು ಇವರೇ ಮೊದಲು. "ರೀ, ಶರ್ಟು ಹಾಕ್ಕೊಳ್ರಿ" ಎಂದು ಗಂಡನನ್ನು ಎಬ್ಬಿಸಿದಳು. ಗಂಡ ರಾಮಕೃಷ್ಣ, ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು, ಮೂಲ ಮಂಡ್ಯ. ಯಾವ ಕೆಲಸಕ್ಕೂ ಒಂದು ಕ್ರಮ ಇರಬೇಕೆಂದು ನಂಬಿದವನು. "ಹೇಳದೇ ಬರೋದು ಯಾವ ಕ್ರಮ?" ಎನ್ನುತ್ತಲೇ ಶರ್ಟು ಹಾಕಿಕೊಂಡ. ಲಹರಿ ಬ್ಯಾಡ್ಮಿಂಟನ್ ಆಡಲು ಹೋಗಿದ್ದಳು. ಅವಳ ಫೋನು ಮನೆಯಲ್ಲೇ ಚಾರ್ಜಿಗೆ ಬಿದ್ದಿತ್ತು.

ತಟ್ಟೆಗಳನ್ನು ಸಾಲಾಗಿ ನೆಲದ ಮೇಲಿಟ್ಟರು. ಇಟ್ಟ ಕೂಡಲೇ ಯಂಕಮ್ಮ ಸೋಬಾನೆ ಹಾಡತೊಡಗಿದಳು. ಸಾಲಾಗಿಟ್ಟ ತಟ್ಟೆ ಕಂಡರೆ ಅವಳ ಗಂಟಲು ತಾನಾಗಿ ತೆರೆದುಕೊಳ್ಳುತ್ತಿತ್ತು, ಅದಕ್ಕೆ ಕಾರಣ ಬೇಕಿರಲಿಲ್ಲ. ಹಾಡು ಕೇಳಿ ಎದುರು ಫ್ಲ್ಯಾಟಿನ ಬಾಗಿಲು ತೆರೆಯಿತು. ನೀರಿನ ಟ್ಯಾಂಕು ನೋಡುವ ನೆಪದಲ್ಲಿ ಅಂಬಾದಾಸನೂ ಮೇಲೆ ಬಂದು ಮೆಟ್ಟಿಲ ಬಳಿ ನಿಂತ.

ಕಲ್ಯಾಣಪ್ಪ ಸೋಫಾದ ತುದಿಯಲ್ಲಿ ಕೂತಿದ್ದ. ಅವನ ಬಲಗಾಲು ತಾನಾಗಿ ಕುಣಿಯುತ್ತಿತ್ತು. ಶಿವಗಂಗಾ ಅದರ ಮೇಲೆ ಕೈಯಿಟ್ಟಳು. ಎಡಗಾಲು ಕುಣಿಯತೊಡಗಿತು.

"ಮೊದಲೇ ಒಂದು ಮಾತು ಹೇಳಿಬಿಡ್ತೀನಿ" ಎಂದಳು ಸಾವಿತ್ರಿ. "ನಮ್ಮ ಹುಡುಗಿಗೆ ಅಡುಗೆ ಅಷ್ಟಾಗಿ ಬರಲ್ಲ."

"ಅಡಗಿ ತಗೊಂಡು ಏನ್ ಮಾಡೋದೈತ್ರಿ ಅಮ್ಮಾರ?" ಎಂದ ಕಲ್ಯಾಣಪ್ಪ. "ಆಕಿ ಮೈಕ್ರೋಮೀಟರ್ ಹಿಡಿಯೋದು ನೋಡಬೇಕ್ರಿ ನೀವು. ಕೂದಲೆಳಿಯಷ್ಟು ತಪ್ಪಿದ್ರೂ ಬಿಡಂಗಿಲ್ಲ, ತಿರುಗಿ ಕಳಸತಾಳ."

ಸಾವಿತ್ರಿಯ ಕಣ್ಣು ತುಂಬಿ ಬಂದಿತು. ಇಂಥ ಬೀಗರು ಈ ಕಾಲದಲ್ಲೂ ಇದ್ದಾರಲ್ಲ ಎಂದುಕೊಂಡಳು. "ಅಂದ್ರೆ, ಮುಂದೆಯೂ ಕೆಲಸಕ್ಕೆ ಕಳಿಸ್ತೀರಿ?"

"ಕಳಸದ ಹ್ಯಾಂಗ್ರಿ? ಆಕಿ ಬರಲಿಲ್ಲಂದ್ರ ನಂದೇನೂ ನಡಿಯಂಗಿಲ್ಲ."

ರಾಮಕೃಷ್ಣ ಗಂಟಲು ಸರಿಮಾಡಿಕೊಂಡ. ಕ್ರಮಬದ್ಧ ಪ್ರಶ್ನೆಗಳ ಕಾಲ ಬಂದಿತ್ತು. "ನೋಡಿ, ನಮಗಿನ್ನೂ ನಿಮ್ಮ ಪರಿಚಯವೇ ಆಗಿಲ್ಲ. ಯಾರಿಗೋಸ್ಕರ ಕೇಳೋಕೆ ಬಂದಿದ್ದೀರಿ ಅಂತ ದಯವಿಟ್ಟು ಹೇಳಿ."

"ನನಗೋಸ್ಕರಾನ ರೀ."

ಅಡುಗೆಮನೆಯಲ್ಲಿ ಕುಕ್ಕರು ಒಂದು ಸೀಟಿ ಹಾಕಿತು.

"ನಿಮಗೆ" ಎಂದ ರಾಮಕೃಷ್ಣ.

"ಹೂಂನ್ರಿ. ನನಗ. ಲಿಂಗಸುಗೂರು ಕಡೆಯಾಂವ, ಬಾಲಾನಗರದಾಗ ಇರತೀನಿ, ಕಲ್ಯಾಣಪ್ಪ ಅಂತ."

"ಹಾಗಾದ್ರೆ ಇವರು ಯಾರು?" ರಾಮಕೃಷ್ಣನ ಬೆರಳು ಶಿವಗಂಗಾಳ ಕಡೆ ತಿರುಗಿತು.

"ನನ್ನ ಹೆಣ್ತಿ ರೀ."

ಶಿವಗಂಗಾ ಸೆರಗು ಸರಿಪಡಿಸಿಕೊಂಡು ನಗುತ್ತ ಕೈಮುಗಿದಳು. ಗಂಡನ ಪರವಾಗಿ ಒಂದು ಒಳ್ಳೆಯ ಮಾತಾಡಬೇಕಾದ ಹೊತ್ತು ಇದೇ ಎಂದು ಅವಳಿಗೆ ಅನ್ನಿಸಿತು. "ನಾನ ಮುಂದ ನಿಂತು ಕರಕೊಂಡು ಬಂದೀನ್ರಿ. ಎರಡು ದಿನದಿಂದ ಕೂಳಿಲ್ಲ, ನಿದ್ದಿಲ್ಲ, ನಿಮ್ಮ ಮಗಳು ಏನಂತಾಳೋ ಅನ್ನೋದ ಚಿಂತಿ. ವಯಸ್ಸೂ ಆಗಾಕತ್ತೈತ್ರಿ, ಈಗ ಆಗಲಿಲ್ಲಂದ್ರ ಮತ್ಯಾವಾಗ? ಸೋಮವಾರದೊಳಗ ಒಪ್ಪಿಸಿಬಿಡ್ರಿ. ನಮ್ಮವ್ವನೂ ಬಂದಾಳ್ರಿ, ಆಶೀರ್ವಾದ ಮಾಡಾಕ."

ಅಳಿಯನ ಈ ಶುಭಕಾರ್ಯಕ್ಕೆ ಆಶೀರ್ವಾದ ಮಾಡಲು ಬಂದ ಅತ್ತೆ ಹಾಡಿನ ಎರಡನೆಯ ನುಡಿ ಎತ್ತಿಕೊಂಡಳು. ಸಾವಿತ್ರಿ ಗೋಡೆ ಹಿಡಿದುಕೊಂಡಳು. ಮೆಟ್ಟಿಲ ಬಳಿ ಅಂಬಾದಾಸ ಎದುರು ಫ್ಲ್ಯಾಟಿನವರ ಕಡೆ ತಿರುಗಿ, "ನಮ್ಮ ಕಡೆಯವರಂತೂ ಅಲ್ಲ ಬಿಡ್ರಿ ಇವರು" ಎಂದ.

"ನನ್ನ ಮಗಳ ಹೆಸರು ನಿಮಗೆ ಹೇಳಿದ್ದು ಯಾರು?" ರಾಮಕೃಷ್ಣ ಎದ್ದು ನಿಂತು ಕೇಳಿದ.

"ನಮ್ಮ ಮಾಲಕರು ರೀ, ಮೋಹನ ಸಾರು. ಅವರ ಗೊತ್ತ ಮಾಡ್ಯಾರ."

ರಾಮಕೃಷ್ಣ ಕಲ್ಯಾಣಪ್ಪನಿಂದಲೇ ನಂಬರು ತೆಗೆದುಕೊಂಡು ಅಲ್ಲೇ ಮೋಹನನಿಗೆ ಫೋನು ಹಚ್ಚಿದ. ಸಾಕ್ಷಿಗಳಿರಲಿ ಎಂದು ಸ್ಪೀಕರ್ ಹಾಕಿ, ತಾನು ಲಹರಿಯ ತಂದೆ, ಕಲ್ಯಾಣಪ್ಪ ಎನ್ನುವವರು ಬಂದಿದ್ದಾರೆ, ಅವರಿಗೆ ಲಹರಿಯ ಹೆಸರು ಹೇಳಿದ್ದು ನೀವೇ ಏನು ಎಂದು ಕೇಳಿದ. ಮೋಹನ ಎಲ್ಲೋ ಗದ್ದಲದಲ್ಲಿದ್ದ, ಆದರೆ ಖುಷಿಯಲ್ಲಿದ್ದ.

"ನಮಸ್ಕಾರ ಸಾರ್. ಕಲ್ಯಾಣಪ್ಪ ಬಂದಾರಾ? ಮನೇಗೇ ಬಂದ್ರಾ? ಎಂಥ ಮನುಷ್ಯ ನೋಡಿ. ಹೌದು ಸಾರ್, ನಾನೇ ಲಹರಿ ಹೆಸರು ಹೇಳಿದ್ದು. ಅವರಿಗೆ ಅವಳೇ ಸರಿ."

"ಅವರಿಗೆ ಹೆಂಡತಿ ಇದ್ದಾರೆ."

"ಇರಲಿ ಬಿಡಿ ಸಾರ್, ಅದರಿಂದೇನು ತೊಂದ್ರೆ? ಬರೀ ಮೂರು ವರ್ಷದ ಮಾತು. ಖರ್ಚೆಲ್ಲ ಕಂಪನಿದು. ಯೂನಿವರ್ಸಿಟಿಯವರೂ ಒಪ್ಪಿದಾರೆ. ಆರು ತಿಂಗಳು ನೋಡೋಣ, ಇಬ್ಬರಿಗೂ ಹೊಂದಲಿಲ್ಲ ಅಂದ್ರೆ ಕಲ್ಯಾಣಪ್ಪಂಗೆ ಬೇರೆ ಯಾರನ್ನಾದರೂ ಕೊಟ್ರಾಯ್ತು. ನಮ್ಮಲ್ಲಿ ಇನ್ನೂ ಹುಡುಗೀರು ಇದಾರಲ್ಲ."

ಫೋನು ರಾಮಕೃಷ್ಣನ ಕೈಯಿಂದ ಜಾರಿ ಕಲ್ಲುಸಕ್ಕರೆಯ ತಟ್ಟೆಗೆ ಬಿತ್ತು. ದೇಶಕ್ಕಾಗಿ ದುಡಿದವನು ಅವನು. ಒಂದು ಕಂಪನಿ, ಒಂದು ಯೂನಿವರ್ಸಿಟಿ, ಎರಡೂ ಸೇರಿ ಹೀಗೊಂದು ಯೋಜನೆ ಮಾಡಿರುವುದನ್ನು ಯಾರಿಗೆ ದೂರಬೇಕೆಂದು ಅವನಿಗೆ ತಕ್ಷಣ ಹೊಳೆಯಲಿಲ್ಲ.

"ನಾಳೆಯಿಂದ ನನ್ನ ಮಗಳು ಆ ಕಂಪನಿ ಮೆಟ್ಟಿಲು ಹತ್ತಲ್ಲ" ಎಂದ. "ತಟ್ಟೆ ಎತ್ತಿ."

ಕಲ್ಯಾಣಪ್ಪನ ಕಾಲು ಎರಡೂ ಒಮ್ಮೆಲೇ ನಿಂತವು. ತಟ್ಟೆ ವಾಪಸು. ಪುಡಿ ಸಕ್ಕರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ತಾಯಪ್ಪನ ಮುಖ ಅವನ ಕಣ್ಣ ಮುಂದೆ ಬಂತು. "ನಾ ಭಾಳ ಓದಿಲ್ಲಂತ ಬ್ಯಾಡ ಅನ್ನಾಕತ್ತೀರೇನ್ರಿ?" ಎಂದ ಮೆಲ್ಲಗೆ. "ಅದಕ್ಕ ಅಲ್ರಿ ಬಂದಿದ್ದು? ಓದಿದ್ರ ಯಾಕ ಬರತಿದ್ದೆ?"

ಬಾಗಿಲಲ್ಲಿ ಲಹರಿ ನಿಂತಿದ್ದಳು. ಕೈಯಲ್ಲಿ ರಾಕೆಟ್ಟು, ಹಣೆಯಲ್ಲಿ ಬೆವರು. ಗೇಟಿನಿಂದ ಇಲ್ಲಿಯವರೆಗೆ ನಾಲ್ಕು ಜನ ಅವಳಿಗೆ ಅಭಿನಂದನೆ ಹೇಳಿದ್ದರು, ಒಬ್ಬರು ತಬ್ಬಿಕೊಂಡಿದ್ದರು.

ಅವಳು ತಟ್ಟೆಗಳನ್ನು ನೋಡಿದಳು. ಕಲ್ಲುಸಕ್ಕರೆ ನೋಡಿದಳು. ಕಲ್ಯಾಣಪ್ಪನನ್ನು ನೋಡಿದಳು. ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಸಿದು ಕೂತು, ಉಸಿರು ಕಟ್ಟುವಷ್ಟು ನಕ್ಕಳು.

"ಅಪ್ಪಾ, ಇವರು ಹೆಣ್ಣು ಕೇಳೋಕೆ ಬಂದಿಲ್ಲ. ಡಿಗ್ರಿ ಓದೋಕೆ ಹೊರಟಿದ್ದಾರೆ, ಅದಕ್ಕೆ ಕಂಪನಿಯಲ್ಲಿ ಗುರು ಬೇಕು. ನನ್ನ ಶಿಷ್ಯ ಆಗೋಕೆ ಬಂದಿದ್ದಾರೆ. ನಮ್ಮ ಶಾಪಿನಲ್ಲಿ ಗುರು ಮನೆಗೆ ಹೀಗೇ ತಟ್ಟೆ ಒಯ್ಯಬೇಕು."

ಅರ್ಥವಾಗುವುದಕ್ಕೆ ಒಬ್ಬೊಬ್ಬರಿಗೂ ಅವರವರ ಶಕ್ತಿಯಷ್ಟು ಹೊತ್ತು ಹಿಡಿಯಿತು. ಕಲ್ಯಾಣಪ್ಪನಿಗೆ ಅರ್ಥವಾದಾಗ ಅವನು ಹಸಿರು ಸೀರೆ ನೋಡಿದ, ಹೆಂಡತಿಯನ್ನು ನೋಡಿದ, ಎದ್ದ, ಕೂತ, ಮತ್ತೆ ಎದ್ದ. "ಅಯ್ಯ ಶಿವನ, ನಾನ ಮುಂದ ನಿಂತು ಕರಕೊಂಡು ಬಂದೀನಿ ಅಂದೆನಲ್ಲೋ" ಎಂದು ಶಿವಗಂಗಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಯಂಕಮ್ಮ ಮಾತ್ರ ಸಮಾಧಾನವಾಗಿದ್ದಳು. "ಅದಕ ಅಂತೀನಿ, ಇಷ್ಟ ಛಲೋ ಹಾಡಿಗಿ ಯಾರೂ ದನಿಗೂಡಸವಲ್ರು" ಎಂದಳು.

ಸಾವಿತ್ರಿ ನಗಬೇಕೋ ಅಳಬೇಕೋ ತಿಳಿಯದೆ ಎಲ್ಲರಿಗೂ ಇಡ್ಲಿ ಬಡಿಸಿದಳು. ಹೆಣ್ಣು ಹೆತ್ತ ತಾಯಿಗೆ ಕೈಯಲ್ಲಿ ಒಂದು ಕೆಲಸವಿದ್ದರೆ ಮನಸ್ಸು ಹಿಡಿತಕ್ಕೆ ಬರುತ್ತದೆ. ಅವಳ ಫೋನು ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಗ್ರೂಪಿನಿಂದ ಬಂದ ಹೂಗುಚ್ಛಗಳ ಚಿತ್ರದಿಂದ ತುಂಬಿ ಟಿಣಿಟಿಣಿ ಎನ್ನುತ್ತಿತ್ತು.

ಆದರೆ ಲಹರಿ ತಟ್ಟೆ ಮುಟ್ಟಿರಲಿಲ್ಲ. ಅದನ್ನು ಕಲ್ಯಾಣಪ್ಪನೊಬ್ಬನೇ ಗಮನಿಸಿದ. ಅವನ ಬಾಯಲ್ಲಿ ಇಡ್ಲಿ ಸುತ್ತಿ ಸುತ್ತಿ ಅಲ್ಲೇ ಉಳಿಯಿತು.

"ಕೂಸ" ಎಂದವನು ತಡೆದ. "ಮೇಡಂ. ತಟ್ಟಿ ಮುಟ್ಟವಲ್ರಿ."

ಲಹರಿ ನಗು ನಿಲ್ಲಿಸಿ ಅವನ ಎದುರು ನೆಲದ ಮೇಲೆ ಕೂತಳು. "ಅಂಕಲ್, ನಾನು ಯೋಚನೆ ಮಾಡ್ತೀನಿ ಅಂದಿದ್ದು ಯಾಕೆ ಗೊತ್ತಾ? ಶಾಪಿನಲ್ಲಿ ನೀವು ನನ್ನ ಮಾತು ಕೇಳ್ತೀರಾ ಅಂತ. ನಾನು ಒಂದು ಪೀಸು ಸರಿಯಿಲ್ಲ ಅಂದ್ರೆ ತಾಯಪ್ಪ ನಿಮ್ಮ ಮುಖ ನೋಡ್ತಾರೆ. ನೀವು ಹುಬ್ಬು ಹಾರಿಸ್ತೀರಿ. ಎಲ್ಲರೂ ನಗ್ತಾರೆ."

ಕಲ್ಯಾಣಪ್ಪನ ಹುಬ್ಬು ತಾನಾಗಿ ಕೆಳಗಿಳಿಯಿತು.

"ಕೊಂಡಾಪುರಕ್ಕೆ ಬಂದು ತಟ್ಟೆ ಇಡೋದು ಸುಲಭ. ಇಲ್ಲಿ ತಾಯಪ್ಪ ಇಲ್ಲ. ನಾಳೆ ಶಾಪಿನಲ್ಲಿ, ಎಲ್ಲರ ಮುಂದೆ ತನ್ನಿ. ಮುಟ್ತೀನಿ."

ಯಂಕಮ್ಮ ಕೊನೆಯ ಇಡ್ಲಿ ಮುಗಿಸಿ ಕೈ ತೊಳೆದುಕೊಂಡಳು. "ಈ ಉಸ್ತಾದ ನಿನಗ ಸರೀಗೈತಿ" ಎಂದಳು ಅಳಿಯನಿಗೆ.

ವಾಪಸು ಬರುವ ಆಟೋದಲ್ಲಿ ಐದು ತಟ್ಟೆಗಳೂ ಅವರ ತೊಡೆಯ ಮೇಲಿದ್ದವು. ಕಲ್ಯಾಣಪ್ಪ ದಾರಿಯುದ್ದಕ್ಕೂ ಒಂದೇ ಒಂದು ಪ್ರಶ್ನೆ ಕೇಳಿದ. ಜ್ವರ ಬಂದಿದೆ ಎಂದು ಹೇಳಿದರೆ ಹೇಗೆ?

"ಜ್ವರ ಬಂದ್ರೂ ತಟ್ಟಿ ಹೊರಬೇಕು" ಎಂದಳು ಶಿವಗಂಗಾ. "ನಿಮ್ಮದ ಪದ್ಧತಿ."

ಸೋಮವಾರ ಬೆಳಿಗ್ಗೆ ಕಲ್ಯಾಣಪ್ಪ ಕಾರ್ಖಾನೆಯ ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ, ಸೀರೆಯಿಟ್ಟ ಒಂದೇ ತಟ್ಟೆಗೆ ಪೇಪರು ಮುಚ್ಚಿಕೊಂಡು ನಿಂತ. ಒಂದು ಚಹಾ ಕುಡಿದ. ಇನ್ನೊಂದು ಕುಡಿದ. ಎಲ್ಲರೂ ಒಳಗೆ ಹೋದ ಮೇಲೆ ಹೋಗೋಣವೆಂದುಕೊಂಡ. ಎಲ್ಲರೂ ಒಳಗೆ ಹೋದರೆ ಎಲ್ಲರೂ ನೋಡುತ್ತಾರೆಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಸೈರನ್ ಕೂಗಿತು.

ಅವನು ಶಾಪಿನೊಳಗೆ ಕಾಲಿಟ್ಟಾಗ ಲೇತುಗಳು ಇನ್ನೂ ಶುರುವಾಗಿರಲಿಲ್ಲ, ಅದೊಂದು ದುರದೃಷ್ಟ. ಸದ್ದಿದ್ದರೆ ಸ್ವಲ್ಪ ಮರೆಯಾಗುತ್ತಿತ್ತು. ಮೋಹನ ಇದ್ದ. ಯೂನಿವರ್ಸಿಟಿಯ ಪ್ರೊಫೆಸರ್ ಹೆಂಗಸೂ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು, ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದರು. ತಾಯಪ್ಪ ತನ್ನ ಲೇತಿಗೆ ಒರಗಿಕೊಂಡು ಸ್ಟೂಲಿನ ಮೇಲೆ ಕೂತಿದ್ದ.

"ಬಂತು ಬಂತು" ಎಂದ ತಾಯಪ್ಪ. "ಪೇಪರ್ ತೆಗೀರಿ, ಕಲ್ಲಸಕ್ರಿ ಐತೋ ಪುಡಿ ಸಕ್ರಿನೋ ನೋಡೋಣು."

ಕಲ್ಯಾಣಪ್ಪ ಪೇಪರು ತೆಗೆದ. ಕಲ್ಲುಸಕ್ಕರೆಯೇ ಇತ್ತು. ಲಹರಿಯ ಮೇಜಿನವರೆಗೆ ನಡೆದ. ಆ ದಾರಿ ಅವನು ದಿನಕ್ಕೆ ಎಷ್ಟೋ ಸಲ ನಡೆದ ದಾರಿಯೇ. ಆವತ್ತು ಮಾತ್ರ ಅದು ಲಿಂಗಸುಗೂರಿನ ತನಕ ಉದ್ದವಾಗಿತ್ತು.

"ಲಹರಿ ಮೇಡಂ" ಎಂದ, ಎಲ್ಲರಿಗೂ ಕೇಳುವ ಹಾಗೆ. "ನನಗ ಕಲಿಸ್ರಿ."

ಯಾರೂ ನಗಲಿಲ್ಲ. ನಗಬೇಕೆಂದು ಬಾಯಿ ತೆರೆದ ತಾಯಪ್ಪನೂ ಅದನ್ನು ಹಾಗೆಯೇ ಮುಚ್ಚಿಕೊಂಡ. ಲಹರಿ ತಟ್ಟೆ ಮುಟ್ಟಿದಳು. ಹಸಿರು ಸೀರೆಯನ್ನು ಮಡಿಕೆ ಬಿಚ್ಚದೆಯೇ ತನ್ನ ನೀಲಿ ಶಾಪ್ ಕೋಟಿನ ಹೆಗಲ ಮೇಲೆ, ಉಸ್ತಾದರು ರುಮಾಲು ಹಾಕಿಕೊಳ್ಳುವ ಹಾಗೆ, ಹಾಕಿಕೊಂಡಳು. ಆಮೇಲೆ ಮೂಲೆಗೆ ಹೋಗಿ ಪೊರಕೆ ತಂದು ಅವನ ಕೈಗೆ ಕೊಟ್ಟಳು.

ಪ್ರೊಫೆಸರ್ ಮೋಹನನ ಕಡೆ ಬಗ್ಗಿ, ಅಪ್ರೆಂಟಿಸ್ ಎಲ್ಲಿ ಎಂದು ಕೇಳಿದರು. ಗುಡಿಸುತ್ತಿದ್ದಾರಲ್ಲ, ಅವರೇ ಎಂದ ಮೋಹನ.

"ಮತ್ತೆ ಗುರು?"

"ಸೀರೆ ಹೊದ್ದುಕೊಂಡಿದ್ದಾಳಲ್ಲ, ಅವಳು."

ಪ್ರೊಫೆಸರ್ ಬಹಳ ಹೊತ್ತು ನೋಡಿದರು. ಕಲ್ಯಾಣಪ್ಪ ಲೇತಿನ ಕಾಲುಗಳ ಸಂದಿಯಿಂದ ಒಂದೊಂದೇ ಸುರುಳಿ ಚೂರನ್ನು ಹೊರಗೆಳೆಯುತ್ತಿದ್ದ. "ಎಡಗಡೆ ಉಳೀತು" ಎಂದಳು ಲಹರಿ. ಅವನು ಹುಬ್ಬು ಹಾರಿಸದೆ ಎಡಗಡೆ ಗುಡಿಸಿದ. "ನಮ್ಮ ಕ್ಲಾಸಿನಲ್ಲಿ ಯಾರೂ ಇಷ್ಟು ಮಾತು ಕೇಳೋದಿಲ್ಲ" ಎಂದರು ಪ್ರೊಫೆಸರ್. ಕರ್ಚೀಫು ತೆಗೆದು ಇಬ್ಬರನ್ನೂ ಕರೆದು ಕೇಳಿದರು. ಇಬ್ಬರೂ ಒಪ್ಪಿಗೆ ಎಂದರು. ಸೀಟು ಖಾಯಂ ಆಯಿತು. ಲೇತುಗಳು ಒಂದೊಂದಾಗಿ ಕೂಗತೊಡಗಿದವು, ಮತ್ತು ಅಂದು ಮೊದಲ ಸಲ ಕಲ್ಯಾಣಪ್ಪನ ಎರಡು ಕಾಲೂ ನೆಲದ ಮೇಲೆ ನೆಟ್ಟಗೆ ನಿಂತವು.

ಗುಡಿಸುತ್ತ ಗುಡಿಸುತ್ತ ಅವನು ತಾಯಪ್ಪನ ಸ್ಟೂಲಿನ ಬಳಿಗೆ ಬಂದ. ಈಗ ಬರುತ್ತದೆ ಕುಹಕ ಎಂದು ಕತ್ತು ಬಗ್ಗಿಸಿಯೇ ಕಾದ. ತಾಯಪ್ಪ ಆಚೀಚೆ ನೋಡಿದ. ಬಗ್ಗಿ, ಅವನ ಕಿವಿಯ ಹತ್ತಿರ ಬಂದ.

"ಉಸ್ತಾದ್, ಆ ಸೀರಿ ಯಾವ ಅಂಗಡ್ಯಾಗ ತಗೊಂಡ್ರಿ?"

"ಯಾಕೋ?"

"ಮುಂದಿನ ಬ್ಯಾಚಿಗೆ ಮಾಲಕರು ನನ್ನ ಹೆಸರ ಹೇಳ್ಯಾರಂತ. ನನ್ನ ಗುರು ಯಾರೋ ಇನ್ನೂ ಗೊತ್ತಿಲ್ಲ. ಸೀರಿ ಹಿಡೀಬೇಕೋ ರುಮಾಲು ಹಿಡೀಬೇಕೋ ತಿಳೀವಲ್ದು." ದನಿ ಇನ್ನಷ್ಟು ಇಳಿಸಿದ. "ಮನಿಗಿ ಹೋಗಬೇಕೇನ್ರಿ, ಇಲ್ಲ ಇಲ್ಲೇ ಕೊಟ್ರ ನಡೀತೈತಿ?"

ಕಲ್ಯಾಣಪ್ಪ ಸೊಂಟ ನೆಟ್ಟಗೆ ಮಾಡಿಕೊಂಡು ಅವನನ್ನು ನೋಡಿದ. ಹೇಳಬೇಕಾದ್ದು ಬಹಳ ಇತ್ತು. ಐದು ತಟ್ಟೆ ಒಯ್ಯಬಾರದು, ಹಸಿರು ಬೇಡ, ಅತ್ತೆ ಬೇಡ.

"ಇಲ್ಲೇ ಕೊಡು" ಎಂದ. "ಈಗ ಕಾಲೆತ್ತು, ಕೆಳಗ ಚೂರು ಅದಾವ."

ತಾಯಪ್ಪ ಎರಡೂ ಕಾಲೆತ್ತಿ ಸ್ಟೂಲಿನ ಮೇಲೆ ಮಡಚಿ ಕೂತ.